ಕಾವಲಿಲ್ಲದ ಆಟಗಾರ

ಕೇಳುಗರಿಗೆ ನಮಸ್ಕಾರ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಚೆಂಡು ಹಿಡಿದವನ ಮೇಲೆ ಇಬ್ಬರು ಮುಗಿಬಿದ್ದರೆ, ಅವನ ಜೊತೆಗಾರನೊಬ್ಬ ಎಲ್ಲೋ ಕಾವಲಿಲ್ಲದೆ ನಿಂತಿರುತ್ತಾನೆ. ಸ್ಟೀವ್ ಕರ್ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ 15 ಸೀಸನ್ ಬಾಳಿದ್ದು ಆ ಜೊತೆಗಾರನಾಗಿ.

ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1988ರಲ್ಲಿ, ಅವರದು 50ನೇ ಸ್ಥಾನ. ಓಟ, ನೆಗೆತ ಎರಡೂ ಅಷ್ಟಕ್ಕಷ್ಟೆ. ಗುರಿ ಮಾತ್ರ ಅಸಾಧಾರಣ: ಮೂರು ಅಂಕದ ಎಸೆತದಲ್ಲಿ ನೂರಕ್ಕೆ 45.4, ಎನ್‌ಬಿಎ ದಾಖಲೆ. ಬಹುಪಾಲು ಬೆಂಚಿನಿಂದ ಎದ್ದುಬಂದು, ಮೈ ಬಿಸಿಯಾಗುವ ಮೊದಲೇ ಎಸೆಯಬೇಕಾದ ಕೆಲಸ ಅವರದು.

1997ರ ಫೈನಲ್ (ನಾಲ್ಕು ಪಂದ್ಯ ಮೊದಲು ಗೆದ್ದವರಿಗೆ ಪ್ರಶಸ್ತಿ), ಆರನೇ ಪಂದ್ಯ. ಕರ್ ಅವರ ತಂಡ ಶಿಕಾಗೊ ಬುಲ್ಸ್, ಎದುರಾಳಿ ಯೂಟಾ ಜ್ಯಾಝ್, 86–86. ಚೆಂಡು ಬುಲ್ಸ್‌ನ ಮೈಕಲ್ ಜೋರ್ಡನ್ ಕೈಲಿ. ಕರ್ ಅವರನ್ನು ಕಾಯುತ್ತಿದ್ದ ಜ್ಯಾಝ್‌ನ ಸ್ಟಾಕ್ಟನ್ ಜೋರ್ಡನ್ ಕಡೆ ವಾಲಿದರು. ಪಾಸ್ ಬಂತು. ಫ್ರೀ ಥ್ರೋ ಗೆರೆಯ ಹತ್ತಿರದಿಂದ ಕರ್ ಎಸೆದರು, ಚೆಂಡು ಬಿತ್ತು. ಉಳಿದದ್ದು ಐದು ಸೆಕೆಂಡ್.

ಆಟ ಬಿಟ್ಟ ಮೇಲೆ ಟಿವಿ ಕಾಮೆಂಟರಿ, ಫೀನಿಕ್ಸ್ ತಂಡದಲ್ಲಿ ಜನರಲ್ ಮ್ಯಾನೇಜರ್ ಹುದ್ದೆ. 2014ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಕೋಚ್ ಆದಾಗ ಕೋಚಿಂಗ್ ಅನುಭವ ಸೊನ್ನೆ. ಹಿಂದಿನ ಸೀಸನ್‌ನಲ್ಲಿ ಪಾಸ್‌ಗಳ ಎಣಿಕೆಯಲ್ಲಿ ಆ ತಂಡ ಕಟ್ಟಕಡೆಯದು. ಪಂದ್ಯಕ್ಕೆ 300 ಪಾಸ್ ಆಗಬೇಕೆಂದು ಕರ್ ಗುರಿ ಇಟ್ಟರು.

ಬರೀ ಎಣಿಸಿದರೆ ಆಗುವ ಕೆಲಸವಲ್ಲ. ಅವರ ‘ಸ್ಪ್ಲಿಟ್’ ಚಲನೆ ನೋಡಿ: ಬುಟ್ಟಿಯ ಪಕ್ಕದ ಎತ್ತರದವನಿಗೆ ಚೆಂಡು ಕೊಟ್ಟವನು ನಿಲ್ಲುವಂತಿಲ್ಲ, ಓಡಿಹೋಗಿ ಜೊತೆಗಾರನ ಕಾವಲುಗಾರನಿಗೆ ಅಡ್ಡ ನಿಲ್ಲುತ್ತಾನೆ. ಜೊತೆಗಾರ ಹೊರಗೆ ಚಿಮ್ಮುತ್ತಾನೆ. ಇಬ್ಬರು ಕಾವಲುಗಾರರೂ ಅವನ ಬೆನ್ನು ಹತ್ತಿದರೆ, ಅಡ್ಡ ನಿಂತವನೇ ಬುಟ್ಟಿಗೆ ನುಗ್ಗುತ್ತಾನೆ. ಕೆಡುವುದು ಎರಡು ಕಡೆ: ಅಡ್ಡ ನಿಂತವನು ಅಲುಗಾಡಿದರೆ ಫೌಲ್, ಎತ್ತರದವನು ಒಂದು ಕ್ಷಣ ಹೆಚ್ಚು ಚೆಂಡು ಹಿಡಿದರೆ ಆ ಸಂದು ಮುಚ್ಚಿಹೋಗುತ್ತದೆ.

ಇನ್ನು ವಾರಿಯರ್ಸ್‌ನ ಸ್ಟೀಫನ್ ಕರಿ. ಅವರನ್ನು ಇಬ್ಬರು ಸುತ್ತುವರಿದರೆ ಪಾಸ್ ಜೊತೆಗಾರ ಡ್ರೇಮಂಡ್ ಗ್ರೀನ್‌ಗೆ. ಮುಂದೆ ವಾರಿಯರ್ಸ್‌ನ ನಾಲ್ವರ ಎದುರು ಕಾವಲುಗಾರರು ಮೂವರೇ. 1997ರ ಲೆಕ್ಕವೇ ಇದು, ಆದರೆ ಈಗ ಇಡೀ ತಂಡದ ಪಾಠ.

2015ರ ಫೈನಲ್‌ನಲ್ಲಿ ಎದುರಾಳಿ ಕ್ಲೀವ್‌ಲ್ಯಾಂಡ್ 2–1 ಮುಂದಿತ್ತು. ಕರ್ ಅವರ ಸಹಾಯಕ ನಿಕ್ ಯುರೆನ್ ಹಿಂದಿನ ವರ್ಷದ ಫೈನಲ್ ವಿಡಿಯೊ ನೋಡಿ ಸಲಹೆ ಕೊಟ್ಟರು: ಎತ್ತರದ ಬೋಗಟ್ ಬದಲು ಇಗುಡಾಲ ಆಡಲಿ. ಬೋಗಟ್ ದೂರದಿಂದ ಎಸೆಯುವವರಲ್ಲ. ಹಾಗಾಗಿ ಅವರ ಕಾವಲುಗಾರ ಮೊಜ್ಗೊವ್ ಬುಟ್ಟಿ ಬಿಟ್ಟು ಕದಲಬೇಕಿರಲಿಲ್ಲ. ಈ ಬದಲಾವಣೆಯ ಬಗ್ಗೆ ಪತ್ರಕರ್ತರು ಕೇಳಿದಾಗ ಕರ್ ಸುಳ್ಳು ಹೇಳಿದರು, ಆಮೇಲೆ ಒಪ್ಪಿಕೊಂಡರು ಕೂಡ! ಕುಳ್ಳ ತಂಡಕ್ಕೆ ಬೆಲೆ ತೆರಲೇಬೇಕು: ನಾಲ್ಕನೇ ಪಂದ್ಯದಲ್ಲಿ ಮೊಜ್ಗೊವ್ ಒಬ್ಬರೇ 28 ಅಂಕ ಗಳಿಸಿದರು. ಪಂದ್ಯ ವಾರಿಯರ್ಸ್‌ಗೆ, 103–82. ಇನ್ನೆರಡು ಗೆದ್ದು ಪ್ರಶಸ್ತಿಯೂ ಅವರದಾಯಿತು. ಫೈನಲ್‌ನ ಶ್ರೇಷ್ಠ ಆಟಗಾರ ಇಗುಡಾಲ.