ಮೊದಲು ನೀರು, ಆಮೇಲೆ ಮೀನು

ಭದ್ರಾವತಿ ಆಕಾಶವಾಣಿಯ ಶ್ರೋತೃಗಳಿಗೆ ನಮಸ್ಕಾರ. ಶಿವಮೊಗ್ಗದ ಮನೆಯೊಳಗೆ ಸಮುದ್ರ ಸಾಕೋದು, ಅಂದ್ರೆ ಗಾಜಿನ ಟ್ಯಾಂಕಲ್ಲಿ ಉಪ್ಪು ನೀರು ತುಂಬಿ ಸಮುದ್ರದ ಮೀನು, ಹವಳ ಸಾಕೋದು ಹೇಗೆ ಅಂತ ಹೇಳೋಕೆ ನನ್ನನ್ನ ಕರೆದಿದ್ದಾರೆ. ಸಿಕ್ಕಿರೋದು ಐದೇ ನಿಮಿಷ, ನೇರ ವಿಷಯಕ್ಕೆ ಬರ್ತೀನಿ.

ಫೋನ್ ಮಾಡೋರೆಲ್ಲ ಕೇಳೋದು ಒಂದೇ, "ಸಾರ್, ಯಾವ ಮೀನು ತರ್ಲಿ?" ಮೀನಿನ ಸುದ್ದಿ ಆಮೇಲೆ. ಮೊದಲು ನೀರು.

ನಾನೂರು ಲೀಟರಿನ ಟ್ಯಾಂಕು ಅಂದ್ರೆ ಗಾಜು, ಕಲ್ಲು, ಸ್ಟ್ಯಾಂಡು ಎಲ್ಲ ಸೇರಿ ಅರ್ಧ ಟನ್ನಿಗೂ ಮೇಲೆ. ಹಳೇ ಮನೆಯ ಉಪ್ಪರಿಗೆ ಹಲಗೆ ಅದನ್ನ ತಾಳಲ್ಲ, ಕೆಳಗೆ ಗಟ್ಟಿ ನೆಲದ ಮೇಲಿಡಿ. ಬಾವಿ ನೀರು ಬೇಡ, ನಲ್ಲಿ ನೀರು ಬೇಡ, ಬಚ್ಚಲ ತಾಮ್ರದ ಹಂಡೆ ನೀರಂತೂ ಬೇಡವೇ ಬೇಡ. ಆರ್‌ಓ ಫಿಲ್ಟರಿನ ನೀರು ತಗೊಳ್ಳಿ, ಸಮುದ್ರ ಮೀನಿನ ಟ್ಯಾಂಕಿಗೇ ಅಂತ ಮಾರೋ ಉಪ್ಪನ್ನ ಲೀಟರಿಗೆ ಸುಮಾರು 35 ಗ್ರಾಂ ಕರಗಿಸಿ. ಅಡುಗೆ ಉಪ್ಪಲ್ಲಿ ಅಪ್ಪೆಮಿಡಿ ಹಾಕಬಹುದು, ಹವಳ ಬದುಕಲ್ಲ.

ಆಮೇಲೆ ನಾಲ್ಕರಿಂದ ಆರು ವಾರ ಮೀನಿಲ್ಲದೆ ಬಿಡಿ. ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಅಮೋನಿಯಾ ಆಗುತ್ತೆ. ಕಲ್ಲಲ್ಲಿ ಬೆಳೆಯೋ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಮುಂದೆ ನೈಟ್ರೇಟ್ ಮಾಡುತ್ತೆ. ಟೆಸ್ಟ್ ಕಿಟ್ಟಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರೋವರೆಗೆ ಮೀನಂಗಡಿ ಬಾಗಿಲಿಗೂ ಹೋಗಬೇಡಿ.

ತೀರ್ಥಹಳ್ಳಿ ಕಡೆ ನಮ್ಮ ಭಾವ ಒಬ್ಬರು ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ರು. ಎರಡು ಕ್ಲೌನ್ ಮೀನು, ಸಿಗಡಿ, ಬಸವನಹುಳು, ಮೆದು ಹವಳ, ಏನು ಚೆಂದ ಅಂತೀರಿ! ಒಂದು ಆಷಾಢದಲ್ಲಿ ಬೆಳಗ್ಗೆ ಆರಕ್ಕೇ ಫೋನು. "ಸಿಗಡಿ ಎಲ್ಲ ಮಗುಚಿ ಬಿದ್ದಿದಾವೆ ಮಾರಾಯ, ಹವಳ ಮುದುರಿಕೊಂಡಿದೆ." ಸುರಿಯೋ ಮಳೇಲಿ ಬಸ್ ಹತ್ತಿ ಹೋದೆ. ನೋಡಿದ್ರೆ ಬಸವನಹುಳು ಗಾಜಿಂದ ಉದುರಿ ಮರಳಲ್ಲಿ ಬಿದ್ದಿವೆ. ಮೀನು ಮಾತ್ರ ಆರಾಮಾಗಿ ಓಡಾಡ್ತಿವೆ! ಉಪ್ಪು ಸರಿ, ಅಮೋನಿಯಾ ಸೊನ್ನೆ. ಅಕ್ಕ ಕಾಫಿ ಕೊಟ್ರು, ಕುಡೀತಾ ಜಗಲಿ ಮೂಲೆ ನೋಡ್ತೀನಿ, ಉಪ್ಪು ನೀರು ಕಲಸೋ ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್ಮು. ಬಗ್ಗಿ ನೋಡಿದ್ರೆ ತಳದ ಅಂಚಲ್ಲಿ ತಿಳಿ ನೀಲಿ ಗೆರೆ.

"ಭಾವ, ಇದ್ರಲ್ಲಿ ಮೊದಲೇನಿತ್ತು?"

"ಕೊಳೆ ಔಷಧಿ ಕಲಸೋ ಡ್ರಮ್ಮು. ಸೋಪು ಹಾಕಿ ಮೂರು ಸಲ ತೊಳ್ದಿದೀನಲ್ಲ!"

ಅಡಿಕೆ ಬೆಳೆಗಾರರಿಗೆ ನಾನು ಹೇಳಬೇಕಾ? ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಬೋರ್ಡೊ ಅಂದ್ರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಅಂದ್ರೆ ತಾಮ್ರ. ಮೀನು ಸ್ವಲ್ಪ ತಾಮ್ರ ತಡಕೊಳ್ಳುತ್ತೆ, ಮೀನಿನ ಬಿಳಿಚುಕ್ಕೆ ರೋಗಕ್ಕೆ ಅದೇ ಔಷಧಿ. ಸಿಗಡಿಗೆ, ಬಸವನಹುಳುವಿಗೆ, ಹವಳಕ್ಕೆ ಚೂರೇ ಸಾಕು, ವಿಷ. ನೀರು ಬದಲಿಸಿದ್ರೂ ಕಲ್ಲು ಹೀರಿಕೊಂಡಿದ್ದನ್ನ ಮತ್ತೆ ಬಿಡ್ತಾ ಇರುತ್ತೆ. ಅಷ್ಟೂ ಕಲ್ಲು ಆಚೆ ಹಾಕಿದ್ವಿ. ಈಗ ಅದು ಅಕ್ಕನ ದಾಸವಾಳದ ಗಿಡದ ಸುತ್ತ ಇದೆ. ಹಾಗಾಗಿ ಟ್ಯಾಂಕಿನ ಬಕೆಟ್ಟು, ಡ್ರಮ್ಮು, ಪೈಪು ಹೊಸದೇ ತನ್ನಿ, ಬೇರೆಯೇ ಇಡಿ. ಔಷಧಿ ಹೊಡೆದು ಬಂದ ಕೈಯನ್ನ ನೀರಿಗೆ ಅದ್ದಬೇಡಿ. ನೀರು, ನೀರು, ನೀರು!

ಗಡಿಯಾರ ಓಡ್ತಿದೆ, ಉಳಿದಿದ್ದು ಬೇಗ ಹೇಳಿಬಿಡ್ತೀನಿ. ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ. ಮಟ್ಟ ಇಳಿದಾಗ ಉಪ್ಪು ಹಾಕದ ಆರ್‌ಓ ನೀರನ್ನೇ ತುಂಬಿಸಿ. ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ಉಪ್ಪು ನೀರು ಬದಲಿಸಿ. ಉಷ್ಣತೆ 25, 26 ಡಿಗ್ರಿಯಲ್ಲಿರಲಿ, ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯವರಿಗೆ ನೀರು ತಂಪು ಮಾಡೋ ಚಿಲ್ಲರ್ ಬೇಕೇ ಬೇಕು. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗೋ ಹುಡುಗರು ಹವಳದ ತುಂಡು ಮುರಿದು ತರಬೇಡಿ. ಗಟ್ಟಿ ಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿ ಇರೋ ಪಟ್ಟಿಯಲ್ಲೇ.

ಇನ್ನು ಕರೆಂಟು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿತ್ತು ಅಂದ್ರೆ ಮೂರು ದಿನ ಕತ್ತಲೆ, ನಿಮಗೆ ಗೊತ್ತೇ ಇದೆ. ನೀರು ನಿಂತ್ರೆ ಆಮ್ಲಜನಕ ಮುಗಿಯುತ್ತೆ. ಬ್ಯಾಟರಿಯ ಏರ್ ಪಂಪು ಒಂದು ಮನೇಲಿರಲಿ, ಸೆಲ್ಲು ಹಾಕಿಯೇ ಇಟ್ಟಿರಿ. ನಮಸ್ಕಾರ.