ಬರೀ ಇಲ್ಲೇ ಯಾಕ ಹೋಗ್ತಾವು?

ಕೇಳುಗರಿಗೆ ನಮಸ್ಕಾರ.

ಹೊಸಪೇಟೆ, ಬಳ್ಳಾರಿ ಕಡೆ ಓಡಾಡಿದವರು ರಸ್ತೆಯ ಮೇಲೆ ಅಡ್ಡಲಾಗಿ ಹಾದುಹೋಗುವ ತಗಡು ಹೊದಿಸಿದ ಉದ್ದನೆಯ ಸೇತುವೆಗಳನ್ನು ನೋಡಿರುತ್ತೀರಿ. ಅದರೊಳಗೆ ಅದಿರು ಹೊತ್ತ ರಬ್ಬರ್ ಬೆಲ್ಟ್ ಹಗಲೂ ರಾತ್ರಿ ಓಡುತ್ತಿರುತ್ತದೆ. ಬೆಲ್ಟಿನ ಭಾರ ಹೊರುವುದು ಅದರ ಕೆಳಗಿನ ರೋಲರುಗಳು. ನೋಡಲು ಏನೂ ಅಲ್ಲ: ಒಂದು ಪೈಪು, ಒಂದು ಶಾಫ್ಟು, ಎರಡು ತುದಿಗೆ ಎರಡು ಬೇರಿಂಗು, ಅವುಗಳ ಬಾಯಿಗೆ ದೂಳು, ನೀರು ಒಳಗೆ ಹೋಗದಂತೆ ತಡೆಯುವ ಸೀಲು. ನಾನು ನೌಕರಿಯ ಬಹುಪಾಲನ್ನು ಇವುಗಳ ನಡುವೆಯೇ ಕಳೆದವನು. ಇವು ಹೊತ್ತಿಗೆ ಮೊದಲೇ ಯಾಕೆ ಸಾಯುತ್ತವೆ ಎಂಬುದು ಇವತ್ತಿನ ಮಾತು.

ಮೊದಲು ಲೆಕ್ಕ. ಬೆಲ್ಟು ಸೆಕೆಂಡಿಗೆ 2.5 ಮೀಟರ್ ಓಡುತ್ತಿದೆ, ರೋಲರಿನ ವ್ಯಾಸ 127 ಮಿಲಿಮೀಟರ್ ಎಂದುಕೊಳ್ಳಿ. ರೋಲರ್ ನಿಮಿಷಕ್ಕೆ ಸುಮಾರು 375 ಸುತ್ತು ಹಾಕುತ್ತದೆ. ದಿನವಿಡೀ ನಿಲ್ಲಿಸದೆ ಓಡಿಸಿದರೆ ಐದು ಲಕ್ಷ ದಾಟುತ್ತದೆ. ಬೇರಿಂಗಿನ ಆಯುಸ್ಸು 30,000 ಗಂಟೆ ಎಂದು ಕ್ಯಾಟಲಾಗ್ ಹೇಳಿದರೆ ನಮ್ಮ ಸ್ಟೋರಿನವರು ಅದನ್ನು ಗ್ಯಾರಂಟಿ ಎಂದೇ ಓದುತ್ತಿದ್ದರು. ಅದು ಗ್ಯಾರಂಟಿಯಲ್ಲ. ಆ ಹೊತ್ತಿಗೆ ನೂರರಲ್ಲಿ ತೊಂಬತ್ತು ಬೇರಿಂಗುಗಳು ಉಳಿದಿರುತ್ತವೆ, ಹತ್ತು ಹೋಗಿರಬಹುದು ಎಂದು ಅದರ ಅರ್ಥ. ಒಂದು ರೋಲರಿಗೆ ಎರಡು ಬೇರಿಂಗು, ಯಾವುದು ಕೆಟ್ಟರೂ ರೋಲರ್ ಹೋದಂತೆಯೇ. ಹಾಗಾಗಿ ನೂರು ರೋಲರಿನಲ್ಲಿ ಹತ್ತೊಂಬತ್ತು ಅಷ್ಟರೊಳಗೆ ಹೋದರೂ ತಯಾರಿಸಿದವನ ತಪ್ಪೇನಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಹಾಗೆ ಆಯುಸ್ಸು ಮುಗಿದು ಹೋಗುವವು ಅಲ್ಲೊಂದು ಇಲ್ಲೊಂದು ಚದುರಿಕೊಂಡು ಹೋಗುತ್ತವೆ. ಒಂದೇ ಜಾಗದಲ್ಲಿ ಸಾಲಾಗಿ ಬಿದ್ದರೆ ರೋಗ ರೋಲರಿನದಲ್ಲ, ಆ ಜಾಗದ್ದು.

ಇದನ್ನು ನನಗೆ ಹೇಳಿಕೊಟ್ಟದ್ದು ಯಾವ ಪುಸ್ತಕವೂ ಅಲ್ಲ. ನಾನು ಕೆಲಸ ಮಾಡುತ್ತಿದ್ದ ಒಂದು ಕಾರ್ಖಾನೆಯಲ್ಲಿ, ಹೆಸರು ಬೇಡ, ಒಂದು ಬೆಲ್ಟಿನ ರಿಟರ್ನ್ ಸೈಡಿನಲ್ಲಿ, ಅಂದರೆ ಬೆಲ್ಟು ಖಾಲಿಯಾಗಿ ವಾಪಸ್ಸು ಬರುವ ಕೆಳಗಿನ ಸಾಲಿನಲ್ಲಿ, ಅದಿರು ಸುರಿದು ಬೆಲ್ಟು ತಿರುಗುವ ತುದಿಯ ದೊಡ್ಡ ಗಾಲಿ, ಹೆಡ್ ಪುಲ್ಲಿ, ದಾಟಿದ ತಕ್ಷಣದ ಹತ್ತು ಹನ್ನೆರಡು ರೋಲರುಗಳು ನಾಲ್ಕೈದು ತಿಂಗಳಿಗೆ ಜಾಮ್ ಆಗುತ್ತಿದ್ದವು. ಬದಲಾಯಿಸುತ್ತಿದ್ದೆವು, ಮತ್ತೆ ಹೋಗುತ್ತಿದ್ದವು. ಮೀಟಿಂಗಿನಲ್ಲಿ ಎಲ್ಲರ ಬೆರಳೂ ಸಪ್ಲೈಯರ್ ಕಡೆಗೆ. ನಾನೂ ಅವರ ಜೊತೆ ಬೆರಳು ತೋರಿಸಿದವನೇ. ಬೆಲ್ಟಿನ ಕೆಳಗೆ ಬಿದ್ದ ಅದಿರು ಬಳಿಯುತ್ತಿದ್ದ ಒಬ್ಬ ಹೆಣ್ಣುಮಗಳು ಒಂದು ದಿನ ಸಲಿಕೆ ಗೋಡೆಗೊರಗಿಸಿ ಕೇಳಿದಳು: "ಅಲ್ರಿ ಸಾರ್, ಅವೇ ರೋಲರ್ ಆ ತುದೀಗೂ ಅದಾವು. ಬರೀ ಇಲ್ಲೇ ಯಾಕ ಹೋಗ್ತಾವು?"

ಆವತ್ತು ಕೆಟ್ಟ ಒಂದು ರೋಲರನ್ನು ಸ್ಕ್ರ್ಯಾಪಿಗೆ ಕಳಿಸದೆ ವರ್ಕ್‌ಶಾಪಿಗೆ ತಂದು, ಗ್ರೈಂಡರ್ ಹಿಡಿದು ತುದಿ ಕೊಯ್ಯಿಸಿದೆ. ಬೇರಿಂಗಿನಲ್ಲಿ ಗ್ರೀಸ್ ಇರಬೇಕಾದ ಜಾಗದಲ್ಲಿ ಗೋಡೆಗೆ ಬಳಿಯುವ ಕೆಮ್ಮಣ್ಣಿನ ಸಾರಣೆಯಂಥದ್ದು ಇತ್ತು. ಬೆರಳಿನ ಮಧ್ಯೆ ಉಜ್ಜಿದರೆ ಮರಳು ಮರಳು. ಗುಂಡುಗಳು ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿದ್ದವು. ನೀರು ಒಳಗೆ ಹೋಗಿತ್ತು, ನೀರಿನ ಜೊತೆ ಅದಿರಿನ ಪುಡಿ.

ಅಲ್ಲಿ ಮಳೆ ಬೀಳುವುದಿಲ್ಲ, ಮೇಲೆ ತಗಡಿದೆ. ಹಾಗಾದರೆ ನೀರು ಎಲ್ಲಿಂದ? ಪ್ರತಿ ಬೆಳಗಿನ ಶಿಫ್ಟಿನಲ್ಲಿ ಪೈಪು ಹಿಡಿದು ಆ ಜಾಗ ತೊಳೆಯುತ್ತಿದ್ದರು. ಓಡಿ ಓಡಿ ಬಿಸಿಯಾದ ರೋಲರಿನ ಮೇಲೆ ತಣ್ಣೀರು ಬಿದ್ದರೆ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಎಂಥ ಒಳ್ಳೆಯ ಸೀಲಾದರೂ ನೇರವಾಗಿ ಹೊಡೆಯುವ ನೀರಿನ ಮುಂದೆ ಹೆಚ್ಚು ದಿನ ನಿಲ್ಲುವುದಿಲ್ಲ. ಆ ಜಾಗವನ್ನೇ ಯಾಕೆ ತೊಳೆಯುತ್ತಿದ್ದರು? ಅಲ್ಲೇ ಅದಿರು ಹೆಚ್ಚು ಉದುರುತ್ತಿತ್ತು. ಯಾಕೆ ಉದುರುತ್ತಿತ್ತು? ಬೆಲ್ಟಿಗೆ ಅಂಟಿದ್ದನ್ನು ಕೆರೆದು ತೆಗೆಯುವ ಹೆಡ್ ಪುಲ್ಲಿಯ ಸ್ಕ್ರೇಪರ್ ಬ್ಲೇಡು ಸವೆದು, ಬೆಲ್ಟಿಗೂ ಅದಕ್ಕೂ ನಡುವೆ ಬೆರಳು ತೂರುವಷ್ಟು ಸಂದಿ ಬಿದ್ದಿತ್ತು. ಬೆಲ್ಟಿಗೆ ಅಂಟಿಕೊಂಡೇ ವಾಪಸ್ಸು ಬಂದ ಹಸಿ ಅದಿರು ಮೊದಲು ಸಿಕ್ಕ ರೋಲರುಗಳಿಗೆ ಮೆತ್ತಿಕೊಂಡು, ಉಳಿದದ್ದು ಕೆಳಗೆ. ಮೆತ್ತಿಕೊಂಡ ರೋಲರ್ ದುಂಡಗೆ ಉಳಿಯುವುದಿಲ್ಲ. ಪ್ರತಿ ಸುತ್ತಿಗೂ ಒಂದು ಪೆಟ್ಟು, ಬೆಲ್ಟು ಪಕ್ಕಕ್ಕೆ ಸರಿಯುವ ಕಾಟ ಬೇರೆ.

ಹೊಸ ಬ್ಲೇಡು ಹಾಕಿ, ಅದರ ಟೆನ್ಷನ್ ಸರಿಮಾಡಿ, ತೊಳೆಯುವುದನ್ನು ಬೆಲ್ಟ್ ನಿಂತು ರೋಲರ್ ಆರಿದ ಮೇಲೆ ಎಂದು ಮಾಡಿದೆವು. ಸಪ್ಲೈಯರ್ ಅದೇ, ರೋಲರ್ ಅದೇ. ನಾಲ್ಕೈದು ತಿಂಗಳಿನ ಕಾಟ ನಿಂತಿತು.

ಅದಿರು ಹೊತ್ತ ಬೆಲ್ಟು ಓಡುವ ಮೇಲಿನ ಸಾಲಿನ ಕಥೆ ಬೇರೆ. ಅಲ್ಲಿ ಮೂರು ರೋಲರ್ ಸೇರಿ ಬೆಲ್ಟನ್ನು ತೊಟ್ಟಿಯ ಹಾಗೆ ಹಿಡಿಯುತ್ತವೆ. ಬದಿಯವು 35 ಡಿಗ್ರಿ ಓರೆ ಇದ್ದರೆ ಭಾರದ ಸುಮಾರು ಮೂರನೇ ಎರಡು ಭಾಗ ನಡುವಿನದರ ಮೇಲೆ. ಬಾಲ್ ಬೇರಿಂಗಿಗೆ ಒಂದು ಕಟ್ಟುನಿಟ್ಟಾದ ಲೆಕ್ಕವಿದೆ: ಭಾರ ಎರಡು ಪಟ್ಟಾದರೆ ಆಯುಸ್ಸು ಅರ್ಧವಲ್ಲ, ಎಂಟನೇ ಒಂದು ಭಾಗ. ಭಾರ ಇಪ್ಪತ್ತು ಪರ್ಸೆಂಟ್ ಏರಿದರೂ ಆಯುಸ್ಸು ಹತ್ತಿರಹತ್ತಿರ ಅರ್ಧಕ್ಕೆ ಬರುತ್ತದೆ. ಇಷ್ಟು ಭಾರ ಏರಲು ಟನ್ನುಗಟ್ಟಲೆ ಹೆಚ್ಚು ಅದಿರು ಹಾಕಬೇಕಿಲ್ಲ. ರೋಲರುಗಳನ್ನು ಕೂರಿಸುವ ಒಂದು ಫ್ರೇಮು ಅಕ್ಕಪಕ್ಕದವಕ್ಕಿಂತ ನಾಲ್ಕೈದು ಮಿಲಿಮೀಟರ್ ಎತ್ತರದಲ್ಲಿ ಕೂತರೆ ಸಾಕು, ನೆರೆಯವರ ಪಾಲನ್ನೂ ಅದೇ ಹೊರುತ್ತದೆ. ಬೆಲ್ಟ್ ಖಾಲಿ ಓಡುವಾಗ ನೋಡಿ, ಅದರ ಪಕ್ಕದ ರೋಲರುಗಳು ತಿರುಗದೆ ಸುಮ್ಮನೆ ನಿಂತಿರುತ್ತವೆ. ನಾವು ಶಟ್‌ಡೌನಿನಲ್ಲಿ ಗಾರೆ ಕೆಲಸದವರ ನೂಲು ಎಳೆದು ನೋಡುತ್ತಿದ್ದೆವು. ಹಳೆಯ ಫ್ರೇಮುಗಳ ನಡುವೆ ಬೇರೆ ಕಂಪನಿಯ ಫ್ರೇಮು ಸೇರಿಸಿದ ಕಡೆಯೆಲ್ಲ ನೂಲು ಮುಟ್ಟುತ್ತಿತ್ತು.

ವೆಲ್ಡಿಂಗಿನದೂ ಒಂದು ಮಾತು. ಸ್ಟ್ರಕ್ಚರಿನ ಮೇಲೆ ವೆಲ್ಡಿಂಗ್ ಮಾಡುವಾಗ ಕರೆಂಟು ಮಷೀನಿಗೆ ವಾಪಸ್ಸು ಹೋಗುವ ಅರ್ಥಿಂಗ್ ಕ್ಲ್ಯಾಂಪನ್ನು ಎಲ್ಲೋ ದೂರದ ಕಂಬಕ್ಕೆ ಕಚ್ಚಿಸಿ ಬರುತ್ತಾರೆ. ಕರೆಂಟಿಗೆ ಬೇರಿಂಗೇ ದಾರಿಯಾದರೆ ಗುಂಡು ಮುಟ್ಟಿದ ಜಾಗದಲ್ಲಿ ಸಣ್ಣ ಸುಟ್ಟ ಗುಳಿ ಬೀಳುತ್ತದೆ. ಅದು ಗುರುಗುಟ್ಟಲು ಶುರುಮಾಡುವ ಹೊತ್ತಿಗೆ ವೆಲ್ಡರ್ ಬೇರೆ ಊರಿನಲ್ಲಿ ಕೆಲಸದಲ್ಲಿರುತ್ತಾನೆ.

ಸದ್ದಿನ ವಿಷಯ. ಒಣಗಿದ ಬೇರಿಂಗ್ ಕೀರಲು ಕೂಗುತ್ತದೆ. ಮಣ್ಣು ಹೊಕ್ಕದ್ದು ಬೀಸುವ ಕಲ್ಲಿನ ಹಾಗೆ ಗೊರಗುಡುತ್ತದೆ. ಮೆತ್ತಿಕೊಂಡ ರೋಲರ್ ದಡ್ ದಡ್ ಎಂದು ತಾಳ ಹಾಕುತ್ತದೆ. ನಾನು ಹೆದರುವುದು ಸುಮ್ಮನಿರುವ ರೋಲರಿಗೆ. ಪೂರ್ತಿ ಜಾಮ್ ಆಗಿ ನಿಂತದ್ದರ ಮೇಲೆ ಬೆಲ್ಟು ಉಜ್ಜುತ್ತ ಉಜ್ಜುತ್ತ ಪೈಪನ್ನೇ ತೂತು ಮಾಡುತ್ತದೆ. ಆಮೇಲೆ ಉಳಿಯುವ ಅಂಚು ಈಳಿಗೆ ಮಣೆಯಷ್ಟು ಹರಿತ, ಲಕ್ಷಗಟ್ಟಲೆ ಬೆಲೆಯ ಬೆಲ್ಟನ್ನು ಉದ್ದುದ್ದ ಸೀಳಬಲ್ಲದು. ಕಲ್ಲಿದ್ದಲು ಸಾಗಿಸುವ ಬೆಲ್ಟಾದರೆ ಆ ಬಿಸಿಗೆ ಬೆಂಕಿಯೂ ಹತ್ತಬಹುದು. ಆದರೆ ತಿರುಗುತ್ತಿದೆಯೋ ಇಲ್ಲವೋ ಎಂದು ಓಡುವ ಬೆಲ್ಟಿನ ಹತ್ತಿರ ಕೈ, ಕೋಲು, ಸ್ಕ್ರೂ ಡ್ರೈವರ್ ಯಾವುದನ್ನೂ ಒಯ್ಯಬೇಡಿ. ದೂರದಿಂದಲೇ ಶಾಖ ತೋರಿಸುವ ಗನ್ನುಗಳು ಈಗ ಎಲ್ಲ ಕಡೆ ಸಿಗುತ್ತವೆ.

ಈ ಕೆಲಸದಲ್ಲಿರುವ ತರುಣರಿಗೆ ಒಂದು ಕೋರಿಕೆ. ರೋಲರ್ ಕೂರಿಸಿದ ದಿನವೇ ಅದರ ಪಕ್ಕದ ಫ್ರೇಮಿನ ಮೇಲೆ ಬಿಳಿ ಪೇಂಟಿನಲ್ಲಿ ತಿಂಗಳು, ವರ್ಷ ಬರೆಯಿರಿ. ಮುಂದಿನ ಸಲ ಬರೆಯಲು ಹೋದಾಗ ಅಲ್ಲಿ ಆಗಲೇ ಮೂರು ತಾರೀಖು ಇದ್ದರೆ ಹೊಸ ರೋಲರನ್ನು ಕೆಳಗಿಡಿ, ತಲೆ ಎತ್ತಿ ಸುತ್ತ ಏನೇನಿದೆ ನೋಡಿ.

ನಮಸ್ಕಾರ.