ಬ್ಯಾಕಪ್ ಮುಗಿದರೂ ಲಾಕ್ ಬಿಡದ ಡೀಮನ್

ಸ್ಕ್ರೀನ್ ಮೇಲೆ ಓಡುತ್ತಿರುವುದು ಬ್ಯಾಕಪ್ ಸ್ಕ್ರಿಪ್ಟ್. ದಿನಾ ರಾತ್ರಿ 2 ಗಂಟೆಗೆ ಕ್ರಾನ್, ಅಂದರೆ ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಪ್ರೋಗ್ರಾಮ್, ಇದನ್ನು ಶುರು ಮಾಡುತ್ತದೆ. ಡೇಟಾಬೇಸ್ ಸರ್ವಿಸ್ ನಿಲ್ಲಿಸು, ಫೈಲ್ ಕಾಪಿ ಮಾಡು, ಸರ್ವಿಸ್ ಮತ್ತೆ ಏಳಿಸು. ಕಾಪಿ ಆಗುವುದನ್ನು ನೋಡುತ್ತಿರಿ, ನಾನು ಆ ಕೊನೆಯ ಸಾಲಿನ ಬಗ್ಗೆ ಹೇಳುತ್ತೇನೆ.

ಈ ಸರ್ವರ್ ನನ್ನ ಕೈಗೆ ಬಂದಾಗ ಒಂದು ವಿಚಿತ್ರ ಇತ್ತು. ಒಂದು ರಾತ್ರಿಯ ಬ್ಯಾಕಪ್ ಇದೆ, ಆಮೇಲಿನದು ಯಾವುದೂ ಇಲ್ಲ. ಎರರ್ ಇಲ್ಲ, ಮೇಲ್ ಇಲ್ಲ. ಸರ್ವಿಸ್ ಮಾತ್ರ ಚೆನ್ನಾಗಿಯೇ ಓಡುತ್ತಿದೆ. ಇದಕ್ಕಿಂತ ಕೆಟ್ಟದ್ದು ಬೇರೆ ಬೇಕಾ?

ಎರಡು ಬ್ಯಾಕಪ್ ಒಟ್ಟಿಗೆ ಓಡಬಾರದು ಅಂತ ಸ್ಕ್ರಿಪ್ಟ್ ಮೊದಲೇ ಎಫ್‌ಲಾಕ್‌ನಿಂದ ಒಂದು ಫೈಲ್‌ಗೆ ಲಾಕ್ ಹಾಕುತ್ತದೆ, ಡಿಸ್ಕ್ರಿಪ್ಟರ್ (ತೆರೆದ ಫೈಲ್‌ನ ನಂಬರ್) 9ರಲ್ಲಿ. ಒಳ್ಳೆಯದೇ. ಆದರೆ ಕೊನೆಯಲ್ಲಿ ಡೀಮನ್ ಅನ್ನು, ಅಂದರೆ ಸರ್ವಿಸ್‌ನ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮನ್ನು, ನೇರವಾಗಿ ಶುರು ಮಾಡುತ್ತಿತ್ತು. ಆಗ ಆ 9 ಕೂಡ ಡೀಮನ್‌ಗೆ ಬಳುವಳಿಯಾಗಿ ಹೋಗುತ್ತದೆ. ಸ್ಕ್ರಿಪ್ಟ್ ಸತ್ತರೂ ಡೀಮನ್ ಲಾಕ್ ಹಿಡಿದೇ ಕೂತಿರುತ್ತದೆ. ಮಾರನೆ ರಾತ್ರಿ ಸ್ಕ್ರಿಪ್ಟ್ ಬರುತ್ತದೆ, ಲಾಕ್ ನೋಡುತ್ತದೆ, ಸುಮ್ನೆ ವಾಪಸ್ ಹೋಗುತ್ತದೆ. ಸರ್ವಿಸ್ ನಿಲ್ಲಿಸುವ ಸಾಲಿಗೆ ತಲುಪಿದರೆ ತಾನೇ ಲಾಕ್ ಬಿಡುವುದು! ಬೆಳಗ್ಗೆ ಯಾರಾದರೂ ಕೈಯಲ್ಲಿ ರೀಸ್ಟಾರ್ಟ್ ಮಾಡಿದರೆ ಲಾಕ್ ಬಿಟ್ಟುಹೋಗುತ್ತದೆ, ಅವತ್ತು ರಾತ್ರಿ ಬ್ಯಾಕಪ್ ಆಗುತ್ತದೆ, ಮತ್ತೆ ಅದೇ ಕಥೆ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಅವತ್ತು ಲಾಕ್ ಫೈಲ್ ಮೇಲೆ ಎಲ್‌ಎಸ್‌ಒಎಫ್ ಓಡಿಸಿದ್ದೆ, ಫೈಲನ್ನು ಯಾರು ತೆರೆದಿಟ್ಟಿದ್ದಾರೆ ಅಂತ ಅದು ಹೇಳುತ್ತದೆ. ಡೀಮನ್ ಹೆಸರೇ ಬಂತು.

ಸರಿ ಮಾಡುವುದು ಸುಲಭ. ಡೀಮನ್ ಶುರು ಮಾಡುವ ಸಾಲಿಗೆ 9>&- ಸೇರಿಸಿದರೆ ಆಯಿತು, 9 ಡೀಮನ್‌ಗೆ ಹೋಗದಂತೆ ಅದು ಮುಚ್ಚುತ್ತದೆ. ನಾನು ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಹಾಕಿದ್ದೇನೆ. ಆಗ ಡೀಮನ್ ಹುಟ್ಟಿಸುವುದು ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ, ನಮ್ಮ ಸ್ಕ್ರಿಪ್ಟ್ ಅಲ್ಲ. ಹಾಗಾಗಿ ಬಳುವಳಿಯ ಮಾತೇ ಇಲ್ಲ.

ನನ್ನ ಕೇಳಿದರೆ ಬ್ಯಾಕಪ್‌ಗೆ ಸರ್ವಿಸ್ ನಿಲ್ಲಿಸುವುದೇ ತಪ್ಪು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಬ್ಯಾಕಪ್ ಸಾಧನ ಪಿಜಿ ಡಂಪ್, ಓಡುತ್ತಿರುವ ಡೇಟಾಬೇಸ್‌ನಿಂದಲೇ ಸರಿಯಾದ ನಕಲು ತೆಗೆಯುತ್ತದೆ, ಅಲ್ವಾ? ಇಲ್ಲ, ತಪ್ಪು ಅನ್ನುವುದು ಜಾಸ್ತಿ ಆಯಿತು. ಇಲ್ಲಿ ಡೇಟಾ ಫೈಲ್‌ಗಳನ್ನೇ ಕಾಪಿ ಮಾಡುತ್ತಿದ್ದೇವೆ, ನಿಲ್ಲಿಸದೆ ಮಾಡಿದರೆ ಅರ್ಧಂಬರ್ಧ ಬರೆದ ಫೈಲ್ ಸಿಗುತ್ತದೆ. ಆದರೆ ಕಾಪಿ ಮತ್ತು ಸ್ಟಾರ್ಟ್ ನಡುವೆ && ಹಾಕುವುದು, ಅಂದರೆ ಕಾಪಿ ಸರಿಯಾಗಿ ಮುಗಿದರೆ ಮಾತ್ರ ಸ್ಟಾರ್ಟ್ ಓಡುವಂತೆ ಮಾಡುವುದು, ನನಗೆ ಒಂಚೂರೂ ಇಷ್ಟವಿಲ್ಲ. ಡಿಸ್ಕ್ ತುಂಬಿ ಕಾಪಿ ನಿಂತರೆ ಸರ್ವಿಸ್ ಏಳುವುದೇ ಇಲ್ಲ. ಸ್ಟಾರ್ಟ್ ಅನ್ನು ಸ್ಕ್ರಿಪ್ಟ್ ಮುಗಿಯುವಾಗ ಓಡುವ ಟ್ರ್ಯಾಪ್ ಎಕ್ಸಿಟ್‌ನಲ್ಲಿ ಇಡಿ, ಕಾಪಿ ಕೆಟ್ಟರೂ ಅದು ಓಡುತ್ತದೆ.

ಹಾಂ, ಕಾಪಿ ಮುಗಿಯಿತು. ಸರ್ವಿಸ್ ಎದ್ದಿದೆ. ಎಲ್‌ಎಸ್‌ಒಎಫ್ ಇನ್ನೊಮ್ಮೆ ಓಡಿಸುತ್ತೇನೆ. ಖಾಲಿ. ಈಗ ಎರಡನೇ ಸರ್ವರ್‌ಗೂ ಇದನ್ನೇ ಹಾಕೋಣ.